ಕರಾಟೆಯ ಕಾಳಗದಲ್ಲಿ ಧ್ಯಾನದ ಸ್ಥಾನ



ಮಕ್ಕಳನ್ನು ಕರಾಟೆ ತರಗತಿಗೆ ಕರೆದೊಯ್ದು, ಗೋಡೆಯ ಪಕ್ಕದ ಬೆಂಚಿನ ಮೇಲೆ ಕುಳಿತು ನೋಡುವ ತಂದೆತಾಯಿಯರು ನಮ್ಮಲ್ಲಿ ಅನೇಕರಿದ್ದೇವೆ. ‘ಕತಾ’ ಎಂಬ ಗೊತ್ತಾದ ಚಲನೆಗಳ ಸರಣಿಯನ್ನು ಲೀಲಾಜಾಲವಾಗಿ ಮಾಡಿ ತೋರಿಸುವ ಹುಡುಗಿಯೇ, ‘ಕುಮಿತೆ’, ಅಂದರೆ ಎದುರಾಳಿಯೊಡನೆ ಸೆಣಸುವ ಅಭ್ಯಾಸ, ಆರಂಭವಾದೊಡನೆ ಮರದ ಬೊಂಬೆಯಂತಾಗುವುದನ್ನು ನಾವು ಕಂಡಿದ್ದೇವೆ. ಭುಜಗಳು ಕಿವಿಯತ್ತ ಏರುತ್ತವೆ, ಉಸಿರು ಕಟ್ಟುತ್ತದೆ, ಕಲಿತದ್ದು ಮರೆಯುತ್ತದೆ. ಆಗ ಬೆಂಚಿನಿಂದ ನಾವು ‘ಹೆದರಬೇಡ, ಜೋರಾಗಿ ಹೊಡೆ’ ಎಂದು ಕೂಗುತ್ತೇವೆ. ಆ ಕೂಗು ಬಿಗಿತವನ್ನು ಇನ್ನಷ್ಟು ಹೆಚ್ಚಿಸುತ್ತದೆಯೇ ಹೊರತು ನೆರವಾಗುವುದಿಲ್ಲ.

ಏಕೆಂದರೆ ಬಿಗಿತವು ಬಲವಲ್ಲ. ತೋಳಿನ ಹಿಂಭಾಗದ ಸ್ನಾಯು ಮೊಣಕೈಯನ್ನು ನೀಡುತ್ತದೆ, ಮುಂಭಾಗದ ಸ್ನಾಯು ಮಡಿಸುತ್ತದೆ. ಗುದ್ದು ವೇಗವಾಗಿ ಹೊರಡಬೇಕಾದರೆ ಮುಂಭಾಗದ್ದು ಸಡಿಲವಾಗಿರಬೇಕು. ಅಂಜಿದವರಲ್ಲಿ ಎರಡೂ ಏಕಕಾಲಕ್ಕೆ ಬಿಗಿಯುತ್ತವೆ. ಗಾಡಿಯ ಹಿಂದೊಂದು ಮುಂದೊಂದು ಎತ್ತು ಕಟ್ಟಿ ಎಳೆಸಿದಂತೆ ಶ್ರಮ ಅಪಾರ, ಚಲನೆ ಅತ್ಯಲ್ಪ. ಬಿಗಿ ಬೇಕಾದದ್ದು ಗುದ್ದು ಮುಗಿಯುವ ಒಂದು ಕ್ಷಣಕ್ಕೆ ಮಾತ್ರ. ಜಪಾನೀಯರು ಅದನ್ನು ‘ಕಿಮೆ’ ಎನ್ನುತ್ತಾರೆ.

ಇನ್ನು ದೃಷ್ಟಿಯ ವಿಚಾರ. ಕಣ್ಣಿಗೆ ಕಂಡದ್ದಕ್ಕೆ ದೇಹವು ಸ್ಪಂದಿಸಲು ಸುಮಾರು 0.2 ಸೆಕೆಂಡು ಬೇಕು. ಹಲವು ಉತ್ತರಗಳಲ್ಲಿ ಒಂದನ್ನು ಆರಿಸಬೇಕಾದರೆ ಇನ್ನೂ ಹೆಚ್ಚು. ಹತ್ತಿರದಿಂದ ಬರುವ ಗುದ್ದು ಅಷ್ಟು ಹೊತ್ತು ಕಾಯುವುದಿಲ್ಲ. ಆದುದರಿಂದ ನುರಿತವರು ಎದುರಾಳಿಯ ಭುಜ, ಸೊಂಟಗಳ ಕಿರುಚಲನೆಯಿಂದಲೇ ಮುಂದಿನದನ್ನು ಊಹಿಸುತ್ತಾರೆ. ಭಯಪಟ್ಟವರ ನೋಟವಾದರೋ ಮುಷ್ಟಿಯೊಂದಕ್ಕೇ ಅಂಟಿಕೊಳ್ಳುತ್ತದೆ. ಝೆನ್ ಸನ್ಯಾಸಿ ತಕುವಾನ್ ಸೋಹೋ (1573–1645) ಖಡ್ಗವಿದ್ಯೆಯ ಆಚಾರ್ಯ ಯಾಗ್ಯು ಮುನೆನೋರಿಗೆ ಬರೆದು ತಿಳಿಸಿದ್ದೂ ಇದನ್ನೇ: ಮನಸ್ಸು ಎದುರಾಳಿಯ ಕತ್ತಿಯಲ್ಲಿ ನಿಲ್ಲಬಾರದು, ತನ್ನ ಕತ್ತಿಯಲ್ಲಿಯೂ ನಿಲ್ಲಬಾರದು.

ನಮ್ಮ ‘ಧ್ಯಾನ’ ಶಬ್ದವೇ ಚೀನಾದಲ್ಲಿ ‘ಚಾನ್’ ಆಗಿ, ಜಪಾನಿನಲ್ಲಿ ‘ಝೆನ್’ ಆಯಿತೆಂಬುದು ನಮಗೆ ಸಂತೋಷದ ಸಂಗತಿ. ಹಾಗೆಂದು ಕರಾಟೆ ಝೆನ್‌ನ ಕೂಸೆಂದು ಹೇಳುವುದು ಅತಿಶಯೋಕ್ತಿ. ಅದು ಓಕಿನಾವಾ ದ್ವೀಪದ ವಿದ್ಯೆ. ಗಿಚಿನ್ ಫುನಾಕೋಶಿ 1922ರಲ್ಲಿ ಅದನ್ನು ಟೋಕಿಯೋದಲ್ಲಿ ಪ್ರದರ್ಶಿಸಿದರು. ತರಗತಿಯ ಆದಿ ಅಂತ್ಯಗಳಲ್ಲಿ ಕಣ್ಣು ಮುಚ್ಚಿ ಕುಳಿತುಕೊಳ್ಳುವ ‘ಮೊಕುಸೊ’ ಒಳ್ಳೆಯ ಪದ್ಧತಿಯೇ. ಆದರೆ ಒಂದು ನಿಮಿಷದ ಮೊಕುಸೊದಿಂದ ಕುಮಿತೆ ಸುಧಾರಿಸೀತೆಂದು ನಾವು ನಂಬುವುದಿಲ್ಲ.

ಸಡಿಲಗೊಳ್ಳುವುದನ್ನೂ ಕಲಿಯಬೇಕಾಗುತ್ತದೆ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1929ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕೊಂದು ಕ್ರಮವನ್ನು ವಿವರಿಸಿದರು: ಸ್ನಾಯುವನ್ನು ಬೇಕೆಂದೇ ಬಿಗಿದು, ಬಿಟ್ಟು, ಎರಡರ ಅಂತರವನ್ನು ಅರಿಯುವುದು. ಮನೆಯಲ್ಲಿ ಶವಾಸನದಲ್ಲಿ ಮಲಗಿ ಮುಷ್ಟಿ, ಭುಜ, ದವಡೆ, ತೊಡೆಗಳನ್ನು ಒಂದೊಂದಾಗಿ ಐದಾರು ಸೆಕೆಂಡು ಬಿಗಿದು ಸಾವಕಾಶವಾಗಿ ಸಡಿಲಿಸಬೇಕು. ದವಡೆಯನ್ನು ಮರೆಯುವವರೇ ಹೆಚ್ಚು! ಬಳಿಕ ಕುಳಿತು, ಉಸಿರನ್ನು ಒಳಗೆಳೆದುದಕ್ಕಿಂತ ದೀರ್ಘವಾಗಿ ಹೊರಬಿಡುತ್ತ ಎಣಿಸಬೇಕು. ಉಸಿರು ಹೊರಹೋಗುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ. ಕಾಳಗಕ್ಕೆ ಮುನ್ನ ಉಸಿರನ್ನು ಬಹಳ ಹೊತ್ತು ಬಿಗಿಹಿಡಿಯುವುದಾಗಲಿ, ರಭಸದ ಪ್ರಾಣಾಯಾಮವಾಗಲಿ ಸಲ್ಲದು, ತಲೆ ಸುತ್ತೀತು.

ಮಲಗಿದಾಗ ದೊರೆತ ಸಡಿಲಿಕೆ ತಾನಾಗಿಯೇ ಕಾಳಗಕ್ಕೆ ನಡೆದು ಬರುವುದಿಲ್ಲ. ಅದಕ್ಕೊಂದು ಸೇತುವೆ ಬೇಕು. ಜೊತೆಗಾರರೊಡನೆ ಕಾಲು ಭಾಗದ ವೇಗದಲ್ಲಿ, ನೀರಿನೊಳಗೆ ನಡೆದಂತೆ, ಕುಮಿತೆ ಆಡಬೇಕು. ಭುಜ ಏರಿತೋ, ಉಸಿರು ಕಟ್ಟಿತೋ, ಅಲ್ಲಿಯೇ ನಿಂತು, ಉಸಿರುಬಿಟ್ಟು, ಭುಜ ಇಳಿಸಿ ಮುಂದುವರಿಯಬೇಕು. ಬಿಗಿಯದೆ ಆಡಲು ಬಂದ ಮೇಲೆ ಮಾತ್ರ ವೇಗವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಸಡಿಲವೆಂದರೆ ಜೋಲುವುದಲ್ಲ, ರಕ್ಷಣೆಯ ಕೈಗಳು ಮೇಲಿರಬೇಕು, ಗುದ್ದುವಾಗ ಮಣಿಕಟ್ಟು ನೇರವಾಗಿರಬೇಕು.

ಮಗುವಿನ ಭಯಕ್ಕೆ ನಿಜವಾದ ಕಾರಣವೂ ಇರಬಹುದು. ಜೊತೆಗಾರ ಹತೋಟಿಯಿಲ್ಲದೆ ಹೊಡೆಯುತ್ತಿದ್ದರೆ, ಅಥವಾ ಅವನು ತೀರ ದೊಡ್ಡವನಾಗಿದ್ದರೆ, ಯಾವ ಧ್ಯಾನವೂ ಅದಕ್ಕೆ ಮದ್ದಲ್ಲ. ಅಂಥ ಭಯವನ್ನು ಅಡಗಿಸಲು ಕಲಿಸುವುದು ಅಪಾಯಕರ. ಮನೆಗೆ ಮರಳುವಾಗ ಕಾರಿನಲ್ಲಿ ‘ಯಾಕೆ ಹೆದರಿದೆ?’ ಎಂದು ಗದರಿಸದೆ, ‘ಯಾರಿಗೆ ಹೆದರಿದೆ?’ ಎಂದು ಮೆಲ್ಲಗೆ ಕೇಳೋಣ. ಉತ್ತರ ಬಂದರೆ ಮುಂದಿನ ತರಗತಿಗೆ ಮುಂಚೆಯೇ ಶಿಕ್ಷಕರಿಗೆ ತಿಳಿಸಿ ಜೊತೆಗಾರರನ್ನು ಬದಲಾಯಿಸಿಕೊಳ್ಳೋಣ.