ರಕ್ತದಲ್ಲಿ ವೈರಸ್ ಇದೆಯಾ? ಲ್ಯಾಬಿನಲ್ಲಿ ಹೇಗೆ ತಿಳೀತಾರೆ?

ಜ್ವರ ಬಂದಾಗ ಡಾಕ್ಟರು ರಕ್ತ ತೆಗೆದು ಲ್ಯಾಬಿಗೆ ಕಳಿಸ್ತಾರೆ. ಅಲ್ಲಿ ಏನು ಮಾಡ್ತಾರೆ? ಬನ್ನಿ, ತಿಳಿಯೋಣ.

ವೈರಸ್ ಬರಿಗಣ್ಣಿಗೆ ಕಾಣುವುದಿಲ್ಲ. ಅದು ಜೀವ ಇರುವ ಕೋಶದ ಒಳಗೆ ಮಾತ್ರ ಬೆಳೆಯುತ್ತದೆ. ಅದನ್ನು ಹಿಡಿಯಲು ಉಪಾಯ ಬೇಕು.

ಮಂಗನ ಕಾಯಿಲೆಯ ಕಥೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲ ಹಳ್ಳಿಯ ಜನರಿಗೂ ಜೋರು ಜ್ವರ ಬಂತು. ಕೆಲವರು ತೀರಿಕೊಂಡರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ರೋಗಿಗಳ ರಕ್ತವನ್ನು ಎಳೇ ಇಲಿಮರಿಗಳಿಗೆ ಚುಚ್ಚಿ ನೋಡಿದರು. ಮರಿಗಳು ಕಾಯಿಲೆ ಬಿದ್ದವು. ಹೀಗೆ ಹೊಸ ವೈರಸ್ ಸಿಕ್ಕಿತು. ಉಣ್ಣೆ ಹುಳು ಕಚ್ಚಿದರೆ ಈ ಕಾಯಿಲೆ ಬರುತ್ತದೆ ಅಂತಲೂ ತಿಳಿಯಿತು.

ಈಗಿನ ಮೂರು ಪರೀಕ್ಷೆಗಳು

1. ಪಿ.ಸಿ.ಆರ್.: ವೈರಸ್ಸಿನ ಒಳಗೆ ಅದರದೇ ಗುರುತಿನ ಎಳೆ ಇರುತ್ತದೆ. ಯಂತ್ರ ಆ ಎಳೆಯನ್ನು ಲಕ್ಷಾಂತರ ಪಟ್ಟು ಹೆಚ್ಚಿಸಿ ತೋರಿಸುತ್ತದೆ. ಕೆಲವೇ ಗಂಟೆ ಸಾಕು. ಜ್ವರದ ಮೊದಲ ದಿನಗಳಲ್ಲಿ ಇದು ಒಳ್ಳೆಯದು.

2. ಎಲಿಸಾ: ವೈರಸ್ ಜೊತೆ ಹೋರಾಡಲು ನಮ್ಮ ಮೈ ಪ್ರತಿಕಾಯ ತಯಾರಿಸುತ್ತದೆ. ಅದನ್ನು ಈ ಪರೀಕ್ಷೆ ಹುಡುಕುತ್ತದೆ. ಪ್ರತಿಕಾಯ ಬರಲು ಕೆಲವು ದಿನ ಬೇಕು. ಮೊದಲ ದಿನವೇ ಮಾಡಿದರೆ ಕಾಯಿಲೆ ಇದ್ದರೂ 'ಇಲ್ಲ' ಅಂತ ಬರಬಹುದು.

3. ಕಲ್ಚರ್: ಲ್ಯಾಬಿನಲ್ಲಿ ಬೆಳೆಸಿದ ಜೀವಂತ ಕೋಶಗಳಿಗೆ ರೋಗಿಯ ರಕ್ತದ ಅಂಶ ಹಾಕುತ್ತಾರೆ. ಕೆಲವು ದಿನ ಕಾಯುತ್ತಾರೆ. ವೈರಸ್ಸಿಗೆ ಜೀವ ಇದ್ದರೆ ಅದು ಬೆಳೆಯುತ್ತದೆ. ಕೋಶಗಳು ಸಾಯುತ್ತವೆ. ಇದು ಅಪಾಯದ ಕೆಲಸ. ವಿಶೇಷ ಭದ್ರತೆಯ ಲ್ಯಾಬಿನಲ್ಲೇ ಮಾಡಬೇಕು.

ಬೀಜದ ಹಾಗೆ

ಚೀಲದಲ್ಲಿ ಬಿತ್ತನೆ ಭತ್ತ ಇದೆ. ಅದು ಮೊಳೆಯುತ್ತಾ? ನೋಡಿದರೆ ಗೊತ್ತಾಗೋಲ್ಲ. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಬೇಕು. ಪಿ.ಸಿ.ಆರ್. ಬೀಜ ಇದೆ ಅಂತ ಹೇಳುತ್ತದೆ. ಮೊಳೆಯುತ್ತೋ ಇಲ್ಲವೋ ಅಂತ ಕಲ್ಚರ್ ಹೇಳುತ್ತದೆ.

ಕೊರೊನಾ ವಾಸಿಯಾದ ಕೆಲವರಿಗೆ ವಾರಗಳ ನಂತರವೂ ಪಿ.ಸಿ.ಆರ್. 'ಇದೆ' ಅಂತಿತ್ತು. ಸತ್ತ ವೈರಸ್ಸಿನ ಚೂರೂ ಅದರಲ್ಲಿ ಕಾಣುತ್ತದೆ. ಸಣ್ಣಗೆ ಕಾಯಿಲೆ ಬಂದವರಲ್ಲಿ 10 ದಿನದ ಮೇಲೆ ಜೀವಂತ ವೈರಸ್ ಸಿಗುವುದು ಅಪರೂಪ ಅಂತ ಕಲ್ಚರ್ ತೋರಿಸಿತು. ಅಂಥವರನ್ನು ನೆರೆಯವರು ದೂರ ಇಡಬೇಕಾಗಿರಲಿಲ್ಲ.

ನಾವೇನು ಮಾಡಬೇಕು?

2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಮುಟ್ಟಿ ಸುಟ್ಟ ಅರಣ್ಯ ಕೆಲಸಗಾರರಿಗೆ ಮಂಗನ ಕಾಯಿಲೆ ಬಂತು. ಬಂಡೀಪುರ ನೀಲಗಿರಿಯ ಮುದುಮಲೆ ಕಾಡಿಗೆ ಅಂಟಿಕೊಂಡೇ ಇದೆ. ನಮ್ಮ ಪೋತ್ತನೂರಿನವರಿಗೆ ಅದೇನೂ ದೂರದ ಸೀಮೆಯಲ್ಲ. ಆದ್ದರಿಂದ:

- ಸತ್ತ ಮಂಗವನ್ನು ಮುಟ್ಟಬೇಡಿ. ಅರಣ್ಯ ಇಲಾಖೆಗೆ ತಿಳಿಸಿ.
- ಜ್ವರ ಶುರುವಾದ ದಿನ ನೆನಪಿಡಿ. ಡಾಕ್ಟರಿಗೆ ಹೇಳಿ. ಯಾವ ಪರೀಕ್ಷೆ ಅನ್ನೋದು ಅದರ ಮೇಲೆ ನಿಂತಿದೆ.
- ಕಾಡಿಗೆ ಹೋಗಿದ್ದರೆ, ಉಣ್ಣೆ ಕಚ್ಚಿದ್ದರೆ ಮುಚ್ಚಿಡಬೇಡಿ.
- 'ಇಲ್ಲ' ಅಂತ ಬಂದರೂ ಜ್ವರ ಬಿಡದಿದ್ದರೆ ಮತ್ತೆ ಹೋಗಿ ತೋರಿಸಿ.

ಓದಿ, ಉತ್ತರ ಹೇಳಿ

1. ಮಂಗನ ಕಾಯಿಲೆ ಮೊದಲು ಎಲ್ಲಿ ಕಂಡಿತು?
2. ಜೀವಂತ ವೈರಸ್ ಇದೆ ಅಂತ ಯಾವ ಪರೀಕ್ಷೆ ತೋರಿಸುತ್ತದೆ?
3. ಜ್ವರ ಬಂದ ದಿನವನ್ನು ಡಾಕ್ಟರಿಗೆ ಏಕೆ ಹೇಳಬೇಕು?