ಕೆಲಸದ ಒತ್ತಡ: ತೋಟದಲ್ಲಿಯೂ, ಹೊರಮಾವಿನಲ್ಲಿಯೂ

ನಮ್ಮ ಸದಸ್ಯರ ಮಕ್ಕಳಲ್ಲಿ ಹಲವರು ಬೆಂಗಳೂರಿನ ಪೂರ್ವಭಾಗದ ಹೊರಮಾವಿನಲ್ಲಿ ಮನೆ ಮಾಡಿ, ಹೊರವರ್ತುಲ ರಸ್ತೆಯ ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುತ್ತಿದ್ದಾರೆ. ಊರಿಗೆ ಬಂದಾಗ ಅವರ ಬಾಯಲ್ಲಿ ಬರುವ ಮೊದಲ ಮಾತು 'ಸ್ಟ್ರೆಸ್'. ನೆರಳಿನಲ್ಲಿ ಕುಳಿತು ಮಾಡುವ ಕೆಲಸಕ್ಕೆ ಎಂಥ ಒತ್ತಡವೆಂದು ಹಿರಿಯರು ನಗುವುದುಂಟು. ನಾವೂ ನಕ್ಕವರೇ. ಆದರೆ ಒತ್ತಡದಲ್ಲಿ ಬಗೆಗಳುಂಟೆಂಬುದನ್ನು ಕಾಫಿ ಬೆಳೆಗಾರರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ.

ಕಾಫಿ ಮೊಗ್ಗು ಅರಳಬೇಕಾದರೆ ಗಿಡ ಮೊದಲು ಕೆಲವು ವಾರ ಒಣಹವೆಯಲ್ಲಿ ಬಾಯಾರಬೇಕು. ಆಮೇಲೆ ಒಂದಿಂಚು ಹೂಮಳೆ ಬಿದ್ದರೆ ಎಂಟು-ಹತ್ತು ದಿನಗಳಲ್ಲಿ ತೋಟ ಬೆಳ್ಳಗಾಗುತ್ತದೆ. ಕೊಯ್ಲಿನ ಕಾಲದ ನಮ್ಮ ದಣಿವೂ ಇಂಥದೇ. ನಡು ನೋಯುತ್ತದೆ, ನಿದ್ದೆ ಕಡಿಮೆಯಾಗುತ್ತದೆ. ಕಣ ತುಂಬಿದ ಮೇಲೆ ಎಲ್ಲ ಮರೆತುಹೋಗುತ್ತದೆ. ಇದಕ್ಕೆ ಹೆದರಬೇಕಾಗಿಲ್ಲ.

ಅಳತೆ ಮೀರಿ ಕಾಯಿ ಹೊತ್ತ ಅರೇಬಿಕಾ ಗಿಡದ ಕಥೆ ಬೇರೆ. ನೆರಳು ಕಡಿಮೆ, ಗೊಬ್ಬರ ಸಾಲದು, ಫಸಲು ಮಾತ್ರ ಭಾರಿ. ನೋಡುವವರ ಕಣ್ಣಿಗೆ ಹಬ್ಬ. ಕೊನೆಗೆ ಕೊಂಬೆಗಳು ತುದಿಯಿಂದ ಒಣಗುತ್ತ ಬರುತ್ತವೆ. ಮಗನಿಗೆ ಬಡ್ತಿಯಾಯಿತೆಂದು ಹಿಗ್ಗುವ ತಂದೆತಾಯಿಯರು ಇದನ್ನು ನೆನಪಿಡಬೇಕು. ಎಷ್ಟು ಮಲಗಿದರೂ ಹೋಗದ ಆಯಾಸ, ಇಷ್ಟಪಟ್ಟು ಸೇರಿದ ಕೆಲಸದ ಮೇಲೆಯೇ ಜಿಗುಪ್ಸೆ, ತನ್ನಿಂದ ಏನೂ ಸಾಗುತ್ತಿಲ್ಲವೆಂಬ ಭಾವನೆ: ಈ ಮೂರೂ ಸೇರಿದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ 'ಬರ್ನ್‌ಔಟ್' ಎಂಬ ಹೆಸರಿನಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಒಂದು ಭಾನುವಾರದ ರಜೆಯಿಂದ ಇದು ವಾಸಿಯಾಗುವುದಿಲ್ಲ, ಹೊರೆಯನ್ನೇ ಇಳಿಸಬೇಕು.

ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟದ್ದು ಕೊಳೆರೋಗದ ಕಾಲದ ಒತ್ತಡ. ಬೋರ್ಡೋ ದ್ರಾವಣ ಸಿದ್ಧವಿರುತ್ತದೆ, ಮಳೆ ಬಿಡುವು ಕೊಡದು, ಮರ ಹತ್ತುವವರು ಸಿಗರು. ಕೈ ಕಟ್ಟಿ ಕೂತು, ರಾತ್ರಿಯಿಡೀ ಹೆಂಚಿನ ಮೇಲಿನ ಸದ್ದು ಕೇಳಬೇಕು. ಹೊರಮಾವಿನ ಸಾಯಿ ಬಡಾವಣೆಯವರಿಗೂ ಆ ಎಚ್ಚರ ಗೊತ್ತು. 2025ರ ಮೇ ತಿಂಗಳ ಮಳೆಗೆ ಅಲ್ಲಿಯ ಮನೆಗಳಿಗೆ ನೀರು ನುಗ್ಗಿತ್ತು. ಬೇರೆ ಯಾರೋ ಇಟ್ಟ ಗಡುವು ತಲೆಯ ಮೇಲಿರುವಾಗ ಕೆ.ಆರ್. ಪುರದ ತೂಗುಸೇತುವೆಯ ಬಳಿ ಬಸ್ಸು ಕದಲದೆ ನಿಂತರೆ ಹುಡುಗರಿಗಾಗುವ ಸಂಕಟವೂ ಇದೇ ಜಾತಿಯದು. ಅಮೆರಿಕ ಮತ್ತು ಸ್ವೀಡನ್ನಿನ ಕೆಲಸಗಾರರನ್ನು ಕುರಿತು ರಾಬರ್ಟ್ ಕರಾಸೆಕ್ 1979ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರವೂ ಹೀಗಿದೆ: ಕೆಲಸ ಭಾರಿಯಾಗಿದ್ದು ತೀರ್ಮಾನದ ಸ್ವಾತಂತ್ರ್ಯ ಕಡಿಮೆಯಿರುವಲ್ಲಿ ಮನಸ್ಸು ಹೆಚ್ಚು ನಲುಗುತ್ತದೆ.

ಆದ್ದರಿಂದ ಕೈಯಲ್ಲಿರುವುದನ್ನು ಹುಡುಕಿಕೊಳ್ಳಬೇಕು. ಮಳೆ ನಮ್ಮ ಕೈಲಿಲ್ಲ. ಮುಂಗಾರು ಹಿಡಿಯುವ ಮುನ್ನ ಮೊದಲ ಸಿಂಪರಣೆ ಮುಗಿಸುವುದು, ನೆರೆಯ ನಾಲ್ಕು ತೋಟದವರು ಸೇರಿ ಕೊನೆಗಾರನನ್ನು ಮುಂಚಿತವಾಗಿ ಗೊತ್ತುಮಾಡುವುದು, ಸಾಲದ ಕಂತು ಕಷ್ಟವೆನಿಸಿದರೆ ಗಡುವಿಗೆ ಮೊದಲೇ ಸಂಘದ ಕಚೇರಿಗೆ ಬಂದು ಹೇಳುವುದು ಕೈಲಿದೆ. (ಗಡುವು ಕಳೆದ ಮೇಲೆ ಬರುವವರೇ ಹೆಚ್ಚು ಎಂಬುದು ಬೇಸರದ ಮಾತು.) ಮಕ್ಕಳು ಫೋನು ಮಾಡಿದಾಗಲೂ ಸಂಬಳದ ವಿಚಾರ ಬದಿಗಿಟ್ಟು, ಯಾವ ಕೆಲಸವನ್ನು ಬೇಡವೆನ್ನಬಹುದು, ವಾರದಲ್ಲಿ ಎಷ್ಟು ದಿನ ಮನೆಯಿಂದಲೇ ಮಾಡಬಹುದು ಎಂದು ಕೇಳಿ ನೋಡಿ.

ಎರಡು ವಾರವಾದರೂ ನಿದ್ದೆ ಸರಿಹೋಗದಿದ್ದರೆ, ಕುಡಿತ ಹೆಚ್ಚಿದರೆ, ಬದುಕು ಸಾಕೆಂಬ ಮಾತು ಒಮ್ಮೆಯಾದರೂ ಬಾಯಿಗೆ ಬಂದರೆ ತಡಮಾಡಬಾರದು. ಬೆಂಗಳೂರಿನಲ್ಲಿದ್ದವರಿಗೆ ನಿಮ್ಹಾನ್ಸ್ ಇದೆ. ಸರ್ಕಾರದ ಟೆಲಿ ಮಾನಸ್ ಸೇವೆ 2022ರಲ್ಲಿ ಆರಂಭವಾಗಿದ್ದು, 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಗೋಡೆಯ ಮೇಲಿನ ಗೊಬ್ಬರದ ಲೆಕ್ಕದ ಪಕ್ಕದಲ್ಲಿ ಈ ಸಂಖ್ಯೆಯನ್ನೂ ಬರೆದಿಡಿ.