ನೋವಿನ ಮದ್ದಿಗೆ ಬೀಗ

ಹಬ್ಬದ ದಿನ ಗಸಗಸೆ ಪಾಯಸವನ್ನುಂಡು ಸೊಗಸಾಗಿ ನಿದ್ರಿಸದವರು ನಮ್ಮ ನಾಡಿನಲ್ಲಿ ವಿರಳ. ಆ ಗಿಡದ ಎಳೆಯ ಕಾಯನ್ನು ಗೀರಿದರೆ ಹಾಲಿನಂತಹ ರಸವು ಒಸರುತ್ತದೆ. ಅದು ಒಣಗಿ ಕಂದುಬಣ್ಣಕ್ಕೆ ತಿರುಗಿದಾಗ ಅಫೀಮು ಎನಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಎಂಬ ತರುಣ ಔಷಧಕಾರನು ಅಫೀಮಿನ ಸಾರವನ್ನು ಬೇರ್ಪಡಿಸಿ, ಗ್ರೀಕರ ಸ್ವಪ್ನದೇವತೆಯಾದ ಮಾರ್ಫಿಯಸನ ಹೆಸರನ್ನು ಅದಕ್ಕಿಟ್ಟನು. ಅದೇ ಮಾರ್ಫಿನ್.

ಇದು ಮಾಡುವ ಕೆಲಸವೇನು? ದೇಹದಲ್ಲಿ ಎಲ್ಲಿಯಾದರೂ ಪೆಟ್ಟಾದರೆ ನರಗಳು ಆ ಸುದ್ದಿಯನ್ನು ಬೆನ್ನುಹುರಿಯ ಮೂಲಕ ಮಿದುಳಿಗೆ ಒಯ್ಯುತ್ತವೆ. ಈ ದಾರಿಯ ನರಕೋಶಗಳ ಮೇಲೆ ಕೆಲವು ಗ್ರಾಹಕಗಳಿವೆ. ಬೀಗಕ್ಕೆ ಕೀಲಿಕೈ ಹೊಂದುವಂತೆ ಮಾರ್ಫಿನ್ ಅವುಗಳಿಗೆ ಹೊಂದಿಕೊಂಡು ಸುದ್ದಿಯ ಬಲವನ್ನು ಕುಂದಿಸುತ್ತದೆ. ರೋಗವು ಗುಣವಾಗದು, ನೋವು ತಗ್ಗುವುದು. ಪ್ರಮಾಣ ಮೀರಿದರೆ ಉಸಿರಾಟವು ಕುಗ್ಗಿ ಸಾವು ಸಂಭವಿಸಬಹುದು, ದುರುಪಯೋಗದಿಂದ ವ್ಯಸನವುಂಟಾಗಬಹುದು. ಆದುದರಿಂದ ಇದಕ್ಕೆ ಕಾವಲು ಬೇಕೆಂಬುದರಲ್ಲಿ ಎರಡು ಮಾತಿಲ್ಲ.

ಕಾವಲು ಅತಿಯಾದರೆ ಏನಾಗುವುದೆಂಬುದನ್ನು ನಮ್ಮ ದೇಶವೇ ಕಂಡಿದೆ. 1985ರ ಮಾದಕ ದ್ರವ್ಯ ಮತ್ತು ಮನೋಪರಿಣಾಮಕ ವಸ್ತುಗಳ ಕಾಯಿದೆಯು ಕಳ್ಳಸಾಗಣೆಯನ್ನು ತಡೆಯಲು ಬಂದಿತು. ಹಲವು ಅಪರಾಧಗಳಿಗೆ ಕನಿಷ್ಠ 10 ವರ್ಷಗಳ ಸೆರೆವಾಸವನ್ನು ಅದು ವಿಧಿಸಿತು. ಬಹಳ ರಾಜ್ಯಗಳಲ್ಲಿ ಮಾರ್ಫಿನ್ ತರಿಸಬೇಕಾದರೆ ಆಸ್ಪತ್ರೆಯು ನಾಲ್ಕೈದು ಪರವಾನಗಿಗಳನ್ನು ಪಡೆಯಬೇಕಿತ್ತು. ಅವೆಲ್ಲವೂ ಏಕಕಾಲದಲ್ಲಿ ಊರ್ಜಿತವಾಗಿರಬೇಕಿತ್ತು. ಪರಿಣಾಮವಾಗಿ ಮುಂದಿನ ಹನ್ನೆರಡು ವರ್ಷಗಳಲ್ಲಿ ದೇಶದ ವೈದ್ಯಕೀಯ ಮಾರ್ಫಿನ್ ಬಳಕೆಯು ಶೇಕಡಾ 90ಕ್ಕೂ ಹೆಚ್ಚು ಇಳಿಯಿತು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಅನುಮತಿಯಿಂದಲೇ ಅಫೀಮನ್ನು ಬೆಳೆಯುವ ದೇಶದಲ್ಲಿ ಹೀಗಾಯಿತೆಂಬುದು ವಿಪರ್ಯಾಸವೇ ಸರಿ.

ಇದನ್ನು ನಮ್ಮ ಮಂಗಳೂರಿಗೆ ಅನ್ವಯಿಸಿ ನೋಡೋಣ. 1848ರಷ್ಟು ಹಿಂದಿನ ವೆನ್ಲಾಕ್ ಆಸ್ಪತ್ರೆಯೂ ಹಲವು ವೈದ್ಯಕೀಯ ಕಾಲೇಜುಗಳೂ ಇರುವ ನಗರವಿದು. ತಲಪಾಡಿಯ ಗಡಿಯಾಚೆಯ ಕಾಸರಗೋಡಿನವರೂ ಚಿಕಿತ್ಸೆಗೆ ಇಲ್ಲಿಗೇ ಬರುತ್ತಾರೆ. 1956ರವರೆಗೆ ಎರಡೂ ಊರುಗಳು ದಕ್ಷಿಣ ಕನ್ನಡವೆಂಬ ಒಂದೇ ಜಿಲ್ಲೆಯಲ್ಲಿದ್ದವು. ಆ ಬಳಿಕ ರಾಜ್ಯಗಳು ಬೇರೆ, ಮಾದಕೌಷಧದ ನಿಯಮಗಳೂ ಬೇರೆ. ಮೂಳೆಗೆ ಕ್ಯಾನ್ಸರ್ ಹಬ್ಬಿದ ಮಂಜೇಶ್ವರದ ಹಿರಿಯರೊಬ್ಬರನ್ನು ಅಂದಿನ ದಿನಗಳಲ್ಲಿ ಕಲ್ಪಿಸಿಕೊಳ್ಳೋಣ. ವೈದ್ಯರಿಗೆ ಮದ್ದು ಗೊತ್ತು. ಆದರೆ ಲೆಕ್ಕದ ಪುಸ್ತಕದಲ್ಲಿ ಒಂದು ಗುಳಿಗೆ ತಪ್ಪಿದರೂ ನ್ಯಾಯಾಲಯದ ಕಟಕಟೆ ಏರಬೇಕಾದೀತೆಂಬ ಅಂಜಿಕೆ. ಅವರು ಸೌಮ್ಯವಾದ ಬೇರೊಂದು ಗುಳಿಗೆಯನ್ನು ಬರೆದುಕೊಡುತ್ತಾರೆ. ಹಿರಿಯರು ರಾತ್ರಿಯಿಡೀ ನರಳುತ್ತಾರೆ. ಮಾರ್ಫಿನ್ ಕೊಡುವುದನ್ನೇ ಕಾಣದೆ ಕಲಿತ ವಿದ್ಯಾರ್ಥಿಗಳು ಮುಂದೆ ವೈದ್ಯರಾದಾಗ ಅದೇ ಅಂಜಿಕೆಯನ್ನು ಮುಂದುವರಿಸುತ್ತಾರೆ.

ವೈದ್ಯರೂ ರೋಗಿಗಳ ಬಂಧುಗಳೂ ಬಹುಕಾಲ ಮೊರೆಯಿಟ್ಟ ಮೇಲೆ 2014ರಲ್ಲಿ ಕಾಯಿದೆಯು ತಿದ್ದುಪಡಿಯಾಯಿತು. ಮಾರ್ಫಿನ್ ಸೇರಿದಂತೆ ಆರು ಔಷಧಗಳು ‘ಅತ್ಯಾವಶ್ಯಕ ಮಾದಕೌಷಧ’ಗಳೆನಿಸಿ, ದೇಶಕ್ಕೆಲ್ಲ ಏಕರೂಪದ ನಿಯಮ ಬಂದಿತು. ತರಬೇತಿ ಪಡೆದ ವೈದ್ಯರುಳ್ಳ ಸಂಸ್ಥೆಗೆ ರಾಜ್ಯದ ಔಷಧ ನಿಯಂತ್ರಕರೊಬ್ಬರ ಮಾನ್ಯತೆಯೇ ಸಾಕು. ಲೆಕ್ಕಪತ್ರಗಳು ಉಳಿದಿವೆ, ಅಲೆದಾಟವು ಕಡಿಮೆಯಾಗಿದೆ.

ಹಾಗೆಂದು ಬೀಗವನ್ನೇ ಕಿತ್ತೊಗೆಯಬೇಕೆಂದು ನಾವು ಹೇಳುವುದಿಲ್ಲ. ಅಮೆರಿಕದಲ್ಲಿ 1990ರ ದಶಕದಿಂದ ವೈದ್ಯರು ಇಂತಹ ಗುಳಿಗೆಗಳನ್ನು ಧಾರಾಳವಾಗಿ ಬರೆದುಕೊಟ್ಟರು. ಅಲ್ಲಿ ಹಬ್ಬಿದ ವ್ಯಸನವು ಮುಂದೆ ಹೆರಾಯಿನ್, ಫೆಂಟನಿಲ್‌ಗಳಿಗೂ ದಾರಿಮಾಡಿತು. 2021ರ ಒಂದೇ ವರ್ಷದಲ್ಲಿ ಈ ವರ್ಗದ ಮದ್ದುಗಳ ಅತಿಸೇವನೆಯಿಂದ 80,000ಕ್ಕೂ ಹೆಚ್ಚು ಜನ ಮಡಿದರು. ನಮ್ಮಲ್ಲಿಯೂ ದುರುಪಯೋಗ ಹೆಚ್ಚಿದ್ದರಿಂದ ಟ್ರಮಡಾಲ್ ಎಂಬ ನೋವಿನ ಗುಳಿಗೆಯನ್ನು 2018ರಲ್ಲಿ ಇದೇ ಕಾಯಿದೆಯ ಕೆಳಗೆ ತರಲಾಯಿತು.

ಕಳ್ಳನಿಗೆಂದು ಹಾಕಿದ ಬೀಗವು ಮನೆಯವರನ್ನೇ ಹೊರಗಿಡಬಾರದಷ್ಟೆ. ಕೀಲಿಕೈಯು ವಿದ್ಯಾವಂತನೂ ನಿರ್ಭೀತನೂ ಆದ ವೈದ್ಯನ ಕೈಯಲ್ಲಿರಬೇಕು. ಈ ಲೇಖನವನ್ನೋದುವ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ವೈದ್ಯರಾಗುವಿರಿ, ಕೆಲವರು ಅಧಿಕಾರಿಗಳಾಗುವಿರಿ. ಮದ್ದಿನ ಅಪಾಯವನ್ನು ಅಳೆಯುವಾಗ ನೋವಿನ ತೂಕವನ್ನೂ ತಕ್ಕಡಿಯಲ್ಲಿಡಲು ಮರೆಯದಿರಿ.